ಬಳೆ ಸರಿದ ಒಂಬತ್ತು ನಿಮಿಷ

ನೆರಳನ್ನು ನೀಳಗೊಳಿಸುವವನೂ ಕುಗ್ಗಿಸುವವನೂ, ಕಳೆದುಹೋದ ಒಂದು ಕ್ಷಣವನ್ನೂ ಮರೆಯದವನೂ ಆದ ಪರಮ ಕರುಣಾಳುವಿನ ಹೆಸರಿನಿಂದ.

ತಬರ್ಕಾ, ಹಳೆಯ ಬಂದರಿನ ಓಣಿಯಿಂದ
ಹಿಜರಿ ೧೪೪೫, ಶಾಬಾನ್ ತಿಂಗಳ ಹದಿನೈದನೆಯ ದಿನ, ಭಾನುವಾರ, ಮಧ್ಯಾಹ್ನದ ನಮಾಜಿನ ತರುವಾಯ

ಪ್ರೀತಿಯ ತಮ್ಮ ಅರೂಸಿಗೆ, ಅಣ್ಣ ಸಾದಿಕ್ ಮಾಡುವ ಸಲಾಮು ಮತ್ತು ಆಶೀರ್ವಾದಗಳು.

ನಿನ್ನ ಎಡಗಣ್ಣಿನ ಪೊರೆ ತೆಗೆಸಿದ ಸಂಗತಿಯನ್ನು ಕಳೆದ ಈದ್‌ನ ಕಾರ್ಡಿನಲ್ಲಿ ನೀನು ಒಂದೇ ಸಾಲಿನಲ್ಲಿ ಬರೆದಿದ್ದೆ. ಈಗ ದೃಷ್ಟಿ ನಿಚ್ಚಳವಾಗಿದೆಯೇ? ದೋಣಿಯ ಹಲಗೆಗಳ ಸಂದಿಗೆ ನಾರು ತುಂಬುವ ಕೆಲಸವನ್ನು ಎಪ್ಪತ್ತರ ವಯಸ್ಸಿನಲ್ಲಿಯೂ ಬಿಟ್ಟಿಲ್ಲವೆಂದು ಕೇಳಿ ಸಂತೋಷವೂ ಆತಂಕವೂ ಒಟ್ಟಿಗೇ ಆದವು. ನಿನ್ನ ಮಡದಿ ಜೊವಾನ್ನಾಳ ಮಂಡಿನೋವಿಗೆ ನಾನು ಕಳುಹಿಸಿದ ಕರಿಜೀರಿಗೆಯ ಎಣ್ಣೆ ಸಮುದ್ರದಾಚೆಯ ನಿನ್ನ ಕಾರ್ಲೊಫೋರ್ತೆಯವರೆಗೆ ಒಡೆಯದೆ ತಲುಪಿತೋ ಇಲ್ಲವೋ ನೀನು ತಿಳಿಸಲಿಲ್ಲ. ನನ್ನ ದೇಹಸ್ಥಿತಿ ಎಂಬತ್ತೊಂದಕ್ಕೆ ತಕ್ಕಂತಿದೆ. ಮಧ್ಯಾಹ್ನದವರೆಗೆ ಕೈ ನಡುಗುವುದಿಲ್ಲ, ಆಮೇಲೆ ಚಿಮುಟ ಹಿಡಿಯುವುದಿಲ್ಲ. ಮಸೀದಿಯಲ್ಲಿ ಬಾಂಗಿನ ಹೊತ್ತನ್ನು ಗೊತ್ತುಮಾಡುವ ನನ್ನ ಹಳೆಯ ಉದ್ಯೋಗ ಹೆಸರಿಗೆ ಇನ್ನೂ ಉಳಿದಿದೆ. ಅಂಗಳದ ನೆರಳುಗಡಿಯಾರವನ್ನು ದಿನವೂ ಒರೆಸುತ್ತೇನೆ, ನೋಡುವವರಿಲ್ಲ. ನಿನ್ನ ಅಕ್ಕ ಬೇಯಾ ಕ್ಷೇಮವಾಗಿದ್ದಾಳೆ. ವಾರಕ್ಕೆರಡು ಬಾರಿ ರೊಟ್ಟಿ ಸುಟ್ಟು ತಂದುಕೊಡುತ್ತಾಳೆ. ನಿನ್ನ ಹೆಸರನ್ನು ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಇಷ್ಟು ವರ್ಷ ನಮ್ಮ ಪತ್ರಗಳು ಈ ಕುಶಲಪ್ರಶ್ನೆಗಳಲ್ಲಿಯೇ ಮುಗಿಯುತ್ತಿದ್ದವು. ಇಂದು ಹಾಗೆ ಮುಗಿಸಲು ನನಗೆ ಅನುಮತಿಯಿಲ್ಲ. ಶಾಬಾನಿನ ನಡುದಿನ, ಉಪವಾಸವಿದ್ದು ಮನಸ್ಸಿನೊಳಗಿನ ವೈರವನ್ನು ಕಳಚಿಡಬೇಕಾದ ದಿನವಿದು. ನಾನು ಕಳಚಿಡಬೇಕಾದದ್ದು ವೈರಕ್ಕಿಂತ ಭಾರವಾದದ್ದು.

ಬಿಝರ್ತ್‌ನ ಹಲ್ಲಿನ ವೈದ್ಯ ಲತೀಫ್ ಎಂಬವನ ವಿಷಯವನ್ನು ನಿನಗೆ ಬರೆದಂತಿಲ್ಲ. ಐವತ್ತರ ಗಂಡಸು. ಸಮುದ್ರದಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿದವನಲ್ಲ, ಆದರೆ ಮುಳುಗುಗಾರರು ಕಟ್ಟಿಕೊಳ್ಳುತ್ತಿದ್ದ ಹಳೆಯ ಕೈಗಡಿಯಾರವೆಂದರೆ ಪ್ರಾಣ ಬಿಡುತ್ತಾನೆ. ಸಂತೆಗಳಲ್ಲಿ, ತೀರಿಹೋದವರ ಮನೆಗಳಲ್ಲಿ, ಬೆಸ್ತರ ತಗಡಿನ ಡಬ್ಬಿಗಳಲ್ಲಿ ಹುಡುಕಿ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾನೆ. ಉಪ್ಪು ತಿಂದು ಅಂಟಿಕೊಂಡ ಬೆನ್ನುಮುಚ್ಚಳಗಳನ್ನು ನಾನು ಎರಡು ದಿನ ಎಣ್ಣೆಯಲ್ಲಿ ನೆನೆಸಿ ತಿರುಚುತ್ತೇನೆ; ಒಳಗಿನ ರಬ್ಬರಿನ ಉಂಗುರ ಡಾಂಬರಾಗಿ ಕರಗಿರುತ್ತದೆ, ಅದನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತೇನೆ; ಯಂತ್ರವನ್ನು ಬಿಚ್ಚಿ, ತೊಳೆದು, ಚಕ್ರದ ತುದಿ ಕೂರುವ ಕಲ್ಲಿಗೊಂದು ಹನಿಯಂತೆ ಎಣ್ಣೆಯಿಟ್ಟು ಕೂಡಿಸುತ್ತೇನೆ. ಕೊನೆಗೆ ಗಡಿಯಾರವನ್ನು ಬೆಚ್ಚಗೆ ಮಾಡಿ ಗಾಜಿನ ಮೇಲೆ ತಣ್ಣೀರಿನ ಒಂದು ತೊಟ್ಟು ಬಿಡುವುದು. ಒಳಮೈಯಲ್ಲಿ ಮಂಜು ಕಟ್ಟಿದರೆ ನೀರು ಇನ್ನೂ ಒಳಗಿದೆಯೆಂದು ಅರ್ಥ. ಇಷ್ಟೆಲ್ಲ ಮಾಡಿಸಿಕೊಂಡರೂ ಮೇಲ್ಮೈಯನ್ನು ಮುಟ್ಟಗೊಡುವುದಿಲ್ಲ. ಗೀರು ಹಾಗೆಯೇ ಇರಬೇಕು, ಕತ್ತಲಲ್ಲಿ ಹೊಳೆಯುತ್ತಿದ್ದ ಬಣ್ಣ ಕೆನೆಗಟ್ಟಿ ಕಂದಾಗಿದ್ದರೆ ಅದೂ ಹಾಗೆಯೇ ಇರಬೇಕು. “ದೊಡ್ಡಪ್ಪ, ದಯವಿಟ್ಟು ಉಜ್ಜಬೇಡಿ” ಎಂದು ಪ್ರತಿ ಬಾರಿಯೂ ಬೇಡಿಕೊಳ್ಳುತ್ತಾನೆ. ಒಮ್ಮೆ ನಾನು, “ಊರಿನ ಜನಕ್ಕೆಲ್ಲ ಎರಡು ಹೊತ್ತು ಉಜ್ಜಿ ಅಂತೀಯ, ನನಗೊಬ್ಬನಿಗೆ ಉಜ್ಜಬೇಡಿ ಅಂತೀಯಲ್ಲಪ್ಪ” ಎಂದೆ. ಅವನು, “ಹಲ್ಲು ಹೋದ್ರೆ ಹೊಸದು ಕಟ್ಟಬಹುದು ದೊಡ್ಡಪ್ಪ, ಗೀರು ಹೋದ್ರೆ ಎಲ್ಲಿಂದ ತರೋದು” ಎಂದ. ಆ ಮಾತಿಗೆ ಅಂದು ನಕ್ಕೆ. ಅದರ ತೂಕ ಗೊತ್ತಾದದ್ದು ಕಳೆದ ತಿಂಗಳು.

ಆ ದಿನ ಅವನು ತಂದ ಐದರಲ್ಲಿ ಒಂದು ಕಪ್ಪು ಮುಖದ, ಕಿತ್ತಳೆ ಬಣ್ಣದ ನಿಮಿಷದ ಮುಳ್ಳಿನ ಗಡಿಯಾರವಿತ್ತು. ಅಂಥವು ಒಂದು ಕಾಲದಲ್ಲಿ ಹವಳಕ್ಕೆ ಮುಳುಗುವ ನಮ್ಮವರ ಕೈಯಲ್ಲಿ ಹತ್ತಾರು ಇದ್ದವು, ಆದುದರಿಂದ ಮೊದಲಿಗೆ ಏನೂ ಅನಿಸಲಿಲ್ಲ. ಬೆನ್ನುಮುಚ್ಚಳ ಬಿಚ್ಚಿ ದೀಪಕ್ಕೆ ಹಿಡಿದೆ. ಗಡಿಯಾರ ದುರಸ್ತಿ ಮಾಡಿದವನು ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತನ್ನ ಗುರುತನ್ನೂ ತಿಂಗಳನ್ನೂ ಗೀರಿಡುವುದು ನಮ್ಮ ಕಸುಬಿನ ಪದ್ಧತಿ. ಮುಂದೆ ಬಿಚ್ಚುವವನಿಗೆ ಹಿಂದಿನವನ ಸಾಕ್ಷಿ ಅದು. ಅಲ್ಲಿ ಒಂದು ಪುಟ್ಟ ಬಾಲಚಂದ್ರನಿದ್ದ. ಪಕ್ಕದಲ್ಲಿ ರಜಬ್ ೧೪೦೨ ಎಂದಿತ್ತು. ಚಂದ್ರನೂ ನನ್ನವನು, ಅಕ್ಷರವೂ ನನ್ನದು. ಆ ವರ್ಷದ ರಜಬ್ ತಿಂಗಳಲ್ಲಿ ಆ ಬಗೆಯ ಒಂದೇ ಒಂದು ಗಡಿಯಾರವನ್ನು ನಾನು ಬಿಚ್ಚಿದ್ದೆ. ಅದು ನಮ್ಮ ಬೇಯಾಳ ಗಂಡ ಖಮೀಸನದು.

ತಮ್ಮಾ, ಸಾಕ್ಷಿ ನುಡಿಯುವವನು ಕೇಳುವವನಿಗೆ ಗೊತ್ತಿರುವುದನ್ನೂ ಬಿಡದೆ ಮೊದಲಿನಿಂದ ಹೇಳಬೇಕೆಂದು ನನ್ನ ಗುರುಗಳು ಕಲಿಸಿದ್ದರು. ಹಾಗೆಯೇ ಹೇಳುತ್ತೇನೆ, ಸಹಿಸಿಕೋ. ಆ ವರ್ಷ ರಂಜಾನ್ ಕಳೆದು ಬಂದ ಶವ್ವಾಲ್ ತಿಂಗಳಲ್ಲಿ ಖಮೀಸ್ ಹವಳಕ್ಕೆಂದು ಅರವತ್ತು ಮೀಟರ್ ಕೆಳಗಿಳಿದಿದ್ದ. ನೀನು ದೋಣಿಯಲ್ಲಿ ಬುಟ್ಟಿಯ ಹಗ್ಗ ಹಿಡಿದು ಕುಳಿತಿದ್ದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಅಲ್ಲಿ ನಿಲ್ಲಬಾರದು. ನಿಂತರೆ ರಕ್ತದಲ್ಲಿ ಗಾಳಿ ಸೇರಿ ಮನುಷ್ಯ ಉಳಿಯುವುದಿಲ್ಲ. ಮೇಲಿನಿಂದ ಒಂದು ನೀಳವಾದ ಎಳೆತ ಬಂದರೆ ಹೊತ್ತಾಯಿತು, ಬಾ ಎಂದು. ಕೆಳಗಿನಿಂದ ಎರಡು ಗಿಡ್ಡ ಎಳೆತ ಬಂದರೆ ಇನ್ನೂ ಹೊತ್ತಿದೆ, ತಾಳು ಎಂದು. ಎರಡರಲ್ಲಿ ಭೇದ ಬಂದರೆ ಕೆಳಗಿರುವವನ ಗಡಿಯಾರವೇ ಹಿರಿಯದು ಎಂಬುದು ನಮ್ಮ ತಬರ್ಕಾದ ಕಟ್ಟಳೆ. ಮೇಲಿನವನು ಹಕ್ಕಿ ನೋಡುತ್ತಾ ಕೂತಿರಬಹುದು, ಕೆಳಗಿನವನು ತನ್ನ ಪ್ರಾಣವನ್ನೇ ನೋಡುತ್ತಿರುತ್ತಾನೆ ಎಂದು ಅದಕ್ಕೆ ಕಾರಣ ಹೇಳುತ್ತಿದ್ದರು. ಖಮೀಸ್ ಮೇಲೆ ಬಂದದ್ದು ಇಪ್ಪತ್ತನಾಲ್ಕನೆಯ ನಿಮಿಷಕ್ಕೆ. ಲಾರಿಯಲ್ಲಿ ತೂನಿಸ್‌ಗೆ ಸಾಗಿಸಿದೆವು, ಮೂರನೆಯ ದಿನ ತೀರಿಕೊಂಡ. ನೀನು ಅಂದಿನಿಂದ ಒಂದೇ ಮಾತು ಹೇಳಿದೆ: “ಹದಿನೈದಕ್ಕೆ ಎಳೆದೆ, ತಾಳು ಅಂದ. ಹದಿನೆಂಟಕ್ಕೆ ಮತ್ತೆ ಎಳೆದೆ, ಮತ್ತೆ ತಾಳು ಅಂದ.”

ಏಳನೆಯ ದಿನ ಬಂದರಿನ ಕಾಫಿ ಅಂಗಡಿಯಲ್ಲಿ ಹಿರಿಯರು ಸೇರಿ ಗಡಿಯಾರವನ್ನು ನನ್ನ ಕೈಗಿಟ್ಟರು. ಅದು ತಪ್ಪು ತೋರಿಸಿದ್ದರೆ ನಿನ್ನ ಮಾತು ನಿಜ; ಸರಿಯಿದ್ದರೆ ಖಮೀಸನಂಥ ಎಚ್ಚರದ ಮನುಷ್ಯ ತಾಳು ಎಂದಿರಲಾರ, ನೀನು ಹಗ್ಗ ಹಿಡಿದು ತೂಕಡಿಸಿದ್ದೆ ಎಂದಾಗುತ್ತಿತ್ತು. ನಾನು ನಾಲ್ಕು ದಿನ ಅದನ್ನು ಪರೀಕ್ಷಿಸಿದೆ. ನಡುಹಗಲಿನ ನೆರಳಿಗೆ ಹಿಡಿದೆ, ಮಸೀದಿಯ ದೊಡ್ಡ ಗಡಿಯಾರಕ್ಕೆ ಹಿಡಿದೆ, ಮಲಗಿಸಿ ನಿಲ್ಲಿಸಿ ನೋಡಿದೆ. ದಿನವೊಂದಕ್ಕೆ ನಾಲ್ಕು ಸೆಕೆಂಡು ಹಿಂದೆ ಬಿತ್ತು, ಅಷ್ಟೆ. ಹನ್ನೊಂದನೆಯ ದಿನ ಅದೇ ಅಂಗಡಿಯಲ್ಲಿ ನಿಂತು, ಗಡಿಯಾರ ನಿರ್ದೋಷವಾಗಿದೆ ಎಂದು ಪ್ರಮಾಣ ಮಾಡಿದೆ. ನಿನ್ನ ಹೆಸರನ್ನು ನಾನು ನುಡಿಯಲಿಲ್ಲ, ನುಡಿಯುವ ಅಗತ್ಯವೂ ಇರಲಿಲ್ಲ. ನೀನು ಗೋಡೆಗೆ ಒರಗಿ ನಿಂತಿದ್ದವನು ನನ್ನನ್ನೇ ನೋಡಿದೆ. ಮರುದಿನ ಬೆಳಿಗ್ಗೆ ನಿನ್ನ ದೋಣಿಯಲ್ಲಿ ಯಾರೋ ಒಂದು ದಿಂಬು ಇಟ್ಟಿದ್ದರು. ಊರು ನಿನಗೆ ದಿಂಬು ಎಂದೇ ಹೆಸರಿಟ್ಟಿತು. ಆ ಚಳಿಗಾಲ ಮುಗಿಯುವ ಮೊದಲು ನೀನು ಸಮುದ್ರ ದಾಟಿದೆ. ಮುಂದಿನ ಬೇಸಿಗೆಯಲ್ಲಿ ಬೇಯಾ ಆ ಗಡಿಯಾರವನ್ನು ಈಜಲು ಬಂದಿದ್ದ ಒಬ್ಬ ಪರದೇಶಿಗೆ ಮಾರಿಬಿಟ್ಟಳು. ಅದರ ಟಿಕ್ ಟಿಕ್ ತನಗೆ ಅಡುಗೆಮನೆಯವರೆಗೂ ಕೇಳಿಸುತ್ತದೆ ಎನ್ನುತ್ತಿದ್ದಳು.

ಈಗ ನನ್ನ ಮೇಜಿಗೆ ಬರುತ್ತೇನೆ. ಯಂತ್ರವನ್ನು ತೊಳೆದು ಕೂಡಿಸಿದ ಮೇಲೆ ಗಾಜಿನ ಸುತ್ತ ತಿರುಗುವ ಬಳೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿದೆ. ಮುಳುಗುವ ಮೊದಲು ಆ ಬಳೆಯ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸುವುದು, ಆಮೇಲೆ ಮುಳ್ಳು ಬಳೆಯ ಮೇಲೆ ಎಷ್ಟನ್ನು ದಾಟಿತು ಎಂದು ನೋಡಿ ಕಳೆದ ಹೊತ್ತನ್ನು ತಿಳಿಯುವುದು. ಕೆಳಗೆ ಇರುವವನು ಗಂಟೆ ನೋಡುವುದಿಲ್ಲ, ಬಳೆ ನೋಡುತ್ತಾನೆ. ಬಳೆಯ ಅಡಿಯಲ್ಲಿ ಅದನ್ನು ಅಲುಗದಂತೆ ಒತ್ತಿಹಿಡಿಯುವ ಒಂದು ತಂತಿಯ ಸ್ಪ್ರಿಂಗ್ ಇರುತ್ತದೆ. ಅದರ ಮೂರು ಮೂಲೆಗಳು ಮೊಣಕೈಯಂತೆ ಹೊರಕ್ಕೆ ಚಾಚಿರಬೇಕು. ಈ ಸ್ಪ್ರಿಂಗ್‌ನ ಮೂರೂ ಮೊಣಕೈಗಳು ಚಪ್ಪಟೆಯಾಗಿದ್ದವು. ಚಪ್ಪಟೆಮಾಡಿದ ಇಕ್ಕಳದ ಹಲ್ಲಿನ ಗುರುತು ತಂತಿಯ ಮೇಲೆ ಕಾಣುತ್ತಿತ್ತು. ನನ್ನ ಇಕ್ಕಳದ ಒಂದು ಹಲ್ಲು ಮುರಿದಿರುವುದು ನಿನಗೆ ನೆನಪಿರಬಹುದು, ಅಪ್ಪನ ಕಾಲದ್ದು. ಗುರುತಿನಲ್ಲಿಯೂ ಒಂದು ಹಲ್ಲು ಇರಲಿಲ್ಲ.

ಆಗ ನೆನಪಾಯಿತು. ಈದ್‌ನ ಹಿಂದಿನ ದಿನ, ಆ ವರ್ಷದ ಉಪವಾಸದ ಕೊನೆಯ ಮಧ್ಯಾಹ್ನ, ಖಮೀಸ್ ಅಂಗಡಿಗೆ ಬಂದಿದ್ದ. “ಭಾವ, ಯಂತ್ರವೇನೋ ಚೆನ್ನಾಗಿ ಮಾಡಿದೀರಿ, ಈ ಬಳೆ ಮಾತ್ರ ನಿಮ್ಮ ತಂಗಿ ಥರ. ಒಂದು ಸಲ ಕೂತಲ್ಲಿಂದ ಅಲ್ಲಾಡಲ್ಲ. ಕೈಗವಸು ಹಾಕ್ಕೊಂಡ್ರೆ ತಿರುಗಿಸೋಕೇ ಆಗಲ್ಲ” ಎಂದ. ನಾನು ನಗುತ್ತಾ ಬಳೆ ಎತ್ತಿ, ಸ್ಪ್ರಿಂಗನ್ನು ಮೂರು ಕಡೆ ಹಿಸುಕಿ, ಮತ್ತೆ ಕೂಡಿಸಿಕೊಟ್ಟೆ. ಐದು ನಿಮಿಷದ ಕೆಲಸ. ಬೆಣ್ಣೆಯಂತೆ ತಿರುಗಿತು. ಅವನು ನನ್ನ ಮೇಜಿನ ಮೇಲೆ ಈದ್‌ಗೆಂದು ಒಂದು ಮುಷ್ಟಿ ಕುಂಬಳಬೀಜ ಇಟ್ಟು ಹೋದ. ದುರಸ್ತಿಯೆಂದು ಎಣಿಸದ ಕೆಲಸವಾದ್ದರಿಂದ ಮುಚ್ಚಳದೊಳಗೆ ಗೀರಿಡಲಿಲ್ಲ. ನಾನು ಗೀರಿಡದೆ ಬಿಟ್ಟ ಕೆಲಸ ಅದೊಂದೇ ಇರಬೇಕು.

ನೀನು ಊಹಿಸಿರುವೆ. ಆ ಬಳೆ ಎರಡೂ ದಿಕ್ಕಿಗೆ ತಿರುಗುವಂಥದು. ಮುಳ್ಳು ಸಾಗುವ ದಿಕ್ಕಿಗೆ ಅದು ಸರಿದರೆ ಕಳೆದ ಹೊತ್ತು ಕಡಿಮೆಯಾಗಿ ಕಾಣುತ್ತದೆ. ಆದರೂ ಒಮ್ಮೆ ತಿಳಿದದ್ದಕ್ಕಿಂತ ಹೆಚ್ಚು ಪ್ರಮಾಣ ಮಾಡಿದವನು ನಾನು. ಈ ಬಾರಿ ಪರೀಕ್ಷಿಸದೆ ನುಡಿಯಬಾರದೆಂದು ಲತೀಫನನ್ನು ಕರೆದುಕೊಂಡು ದೋಣಿಕಟ್ಟೆಗೆ ಹೋದೆ. ಗಡಿಯಾರವನ್ನು ಎಡಗೈಗೆ ಕಟ್ಟಿ, ಖಮೀಸ್ ಕಟ್ಟುತ್ತಿದ್ದಂತೆ ಅಂಗಿಯ ತೋಳಿನ ಮೇಲೆ ಬರುವಂತೆ ಎಳೆದುಕೊಂಡು, ತ್ರಿಕೋನವನ್ನು ಮುಳ್ಳಿಗೆ ಹೊಂದಿಸಿ, ಕಟ್ಟೆಗೆ ಬಿಗಿದಿದ್ದ ಒದ್ದೆ ಹಗ್ಗದ ಮೇಲೆ ಮಣಿಕಟ್ಟನ್ನು ಒಮ್ಮೆ ಉಜ್ಜಿದೆ, ಬುಟ್ಟಿಗೆ ಹವಳ ತುಂಬುವವನ ಕೈ ಹಗ್ಗಕ್ಕೆ ತಗುಲುವಂತೆ. ಬಲೆ ಹೆಣೆಯುತ್ತಾ ಕುಳಿತಿದ್ದ ಮುದುಕ ಅಮ್ಮಾರ್ ಇದನ್ನು ನೋಡಿ, “ಏನು ಶೇಖ್, ಎಂಬತ್ತು ದಾಟಿದ ಮೇಲೆ ಹವಳಕ್ಕೆ ಇಳಿಯೋ ಯೋಚನೇನಾ? ಜೊತೆಗೆ ಹಲ್ಲಿನ ಡಾಕ್ಟ್ರು ಬೇರೆ. ಒಳ್ಳೇದೇ ಆಯ್ತು, ಶಾರ್ಕ್ ಬಾಯಿ ತೆಗೆದ್ರೆ ಇವರು ಇಕ್ಕಳ ಹಾಕ್ತಾರೆ” ಎಂದ. ಲತೀಫ್ ನಗದೆ ಗಡಿಯಾರವನ್ನೇ ನೋಡುತ್ತಿದ್ದ. ಬಳೆ ಒಂಬತ್ತು ನಿಮಿಷ ಸರಿದಿತ್ತು. ಮತ್ತೊಮ್ಮೆ ಉಜ್ಜಿದೆ, ಏಳು ಸರಿಯಿತು. ಇನ್ನೊಮ್ಮೆ, ಹನ್ನೊಂದು. ಒಂದೊಂದು ಬಾರಿ ಹಿಂದಕ್ಕೂ ಸರಿಯಿತು. ಹದಿನೈದಕ್ಕೆ ಒಂಬತ್ತು ಕೂಡಿಸಿದರೆ ಇಪ್ಪತ್ತನಾಲ್ಕು ಎಂದು ಲತೀಫ್ ಮೆಲ್ಲಗೆ ಹೇಳಿದ. ಅಂದು ಕೆಳಗೆ ಸರಿದದ್ದೂ ಅದೇ ಒಂಬತ್ತೆಂದು ನಾನು ಪ್ರಮಾಣ ಮಾಡಲಾರೆ. ಸರಿಯಬಲ್ಲದ್ದಾಗಿತ್ತು, ಸರಿಯುವಂತೆ ಮಾಡಿದವನು ನಾನು, ಮತ್ತು ನೀನು ಹೇಳಿದ ಮಾತಿನಲ್ಲಿ ಅಸಂಭವವಾದದ್ದು ಏನೂ ಇರಲಿಲ್ಲ. ಇಷ್ಟನ್ನು ಪ್ರಮಾಣ ಮಾಡಬಲ್ಲೆ.

ಅಮ್ಮಾರನಿಗೆ ಎಲ್ಲವನ್ನೂ ವಿವರಿಸಿದೆ. ಅಂದು ಕಾಫಿ ಅಂಗಡಿಯಲ್ಲಿ ಇದ್ದವರಲ್ಲಿ ಈಗ ಬದುಕಿರುವವನು ಅವನೊಬ್ಬನೇ. ಅವನು ಬಲೆಯ ಸೂಜಿಯನ್ನು ಮಡಿಲಲ್ಲಿ ಇಟ್ಟುಕೊಂಡ. “ಹಂಗಾದ್ರೆ ಅವನು ಎಳೆದಿದ್ದ” ಎಂದ. ಆಮೇಲೆ, “ಆ ದಿಂಬು ಇಟ್ಟಿದ್ದು ನಾನು, ಶೇಖ್. ನಮ್ಮಮ್ಮನ ಹಾಸಿಗೆಯಿಂದ ಕದ್ದು ತಂದಿದ್ದೆ. ಎಲ್ರೂ ನಕ್ಕರು ಅಂತ ಖುಷಿಪಟ್ಟಿದ್ದೆ” ಎಂದ. ಇದನ್ನು ನಿನಗೆ ಬರೆಯಲು ಅವನೇ ಹೇಳಿದ್ದಾನೆ, ಹೆಸರು ಸಹಿತ ಬರೆಯಬೇಕೆಂದು.

ಲತೀಫನ ವಿಷಯವಾಗಿ ನನಗೊಂದು ಅಳುಕಿತ್ತು. ಗಡಿಯಾರ ಅವನದು, ಸಡಿಲ ಬಳೆಯನ್ನು ಬಿಗಿಮಾಡಿಕೊಡುವುದು ನನ್ನ ಕೆಲಸ, ಹೊಸ ಸ್ಪ್ರಿಂಗ್ ನನ್ನ ಡಬ್ಬಿಯಲ್ಲಿಯೇ ಇತ್ತು. ಅದನ್ನು ಕೂಡಿಸಿದರೆ ಸಾಕ್ಷಿ ಅಳಿಯುತ್ತದೆ, ಕೂಡಿಸದಿದ್ದರೆ ಕೆಲಸ ಕೆಟ್ಟದ್ದಾಗುತ್ತದೆ. ಕೇಳಿಬಿಟ್ಟೆ. ಅವನು, “ನಾನು ಯಾವತ್ತಾದ್ರೂ ಗೀರು ಅಳಿಸಿ ಅಂದಿದೀನಾ ದೊಡ್ಡಪ್ಪ?” ಎಂದು ಗಡಿಯಾರವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ತನ್ನ ಪೆಟ್ಟಿಗೆಯಲ್ಲಿ ಇರತಕ್ಕದ್ದಲ್ಲ ಅದು ಎಂದ. ಆದಕಾರಣ ರಬ್ಬರಿನ ಉಂಗುರವನ್ನು ಬದಲಿಸಿದೆ, ನೀರಿನ ತೊಟ್ಟಿನ ಪರೀಕ್ಷೆ ಮಾಡಿದೆ, ಚಪ್ಪಟೆಯಾದ ಸ್ಪ್ರಿಂಗನ್ನು ಹಾಗೆಯೇ ಅದರ ಜಾಗದಲ್ಲಿ ಕೂರಿಸಿದೆ. ಮುಚ್ಚುವ ಮೊದಲು ಸೂಜಿ ತೆಗೆದುಕೊಂಡು ಹಳೆಯ ಬಾಲಚಂದ್ರನ ಕೆಳಗೆ ಹೀಗೆ ಗೀರಿಟ್ಟೆ: ಬಳೆಯನ್ನು ಸಡಿಲಿಸಿದವನು ಸಾದಿಕ್. ಅರೂಸಿ ಹಗ್ಗ ಎಳೆದಿದ್ದ. ಶಾಬಾನ್ ೧೪೪೫. ಚಂದ್ರಮಾನದ ಲೆಕ್ಕದಲ್ಲಿ ನಲವತ್ತಮೂರು ವರ್ಷ ತಡವಾಗಿ. ಮುಂದೆ ಬಿಚ್ಚುವವನು ಯಾರೇ ಆಗಲಿ, ಓದಿಕೊಳ್ಳಲಿ. ಕಳೆದ ಶುಕ್ರವಾರ ನಮಾಜಿನ ನಂತರ ಅದೇ ಕಾಫಿ ಅಂಗಡಿಯಲ್ಲಿ, ನೀನು ಒರಗಿ ನಿಂತಿದ್ದ ಗೋಡೆಯ ಬಳಿಯಲ್ಲಿಯೇ ನಿಂತು, ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಕೇಳಿದವರಲ್ಲಿ ಹೆಚ್ಚಿನವರು ನಿನ್ನ ಮುಖ ಕಂಡವರಲ್ಲ. ಆದರೂ ಹೇಳಿದೆ.

ಒಂದು ಮಾತು ಉಳಿದಿದೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ಆಗ ನೆನಪಾಯಿತು ಎಂದು ಮೇಲೆ ಬರೆದೆ. ಅದು ಸುಳ್ಳಲ್ಲ. ಆದರೆ ಪ್ರಮಾಣ ಮಾಡುವಾಗ ನೀನು ನನ್ನನ್ನು ನೋಡಿದೆಯಲ್ಲ, ಆ ಗಳಿಗೆಯಲ್ಲಿ ಏನೋ ಒಂದು ಒಳಗೆ ಅಲುಗಿತು. ಯಾವುದೋ ಸಣ್ಣ ಕೆಲಸ, ಕುಂಬಳಬೀಜದ ರುಚಿಯಂಥದು. ಅದರ ಹಿಂದೆ ನಾಲ್ಕು ಹೆಜ್ಜೆ ಹೋಗಿದ್ದರೆ ಸಿಗುತ್ತಿತ್ತು. ನಾನು ಹೋಗಲಿಲ್ಲ. ಇಡೀ ಊರಿಗೆ ಹೊತ್ತು ಹೇಳುವವನೆಂಬ ಗರ್ವ ನನಗಿತ್ತು. ಗಡಿಯಾರ ಸರಿಯಾಗಿ ನಡೆಯುತ್ತದೆಯೇ ಎಂಬ ಪ್ರಶ್ನೆ ನಾನು ಬಲ್ಲದ್ದು, ಆದುದರಿಂದ ಅದೊಂದಕ್ಕೇ ಉತ್ತರಿಸಿ ಸುಮ್ಮನಾದೆ. ಕೈಯಲ್ಲಿ ನಾಲ್ಕು ದಿನ ಇದ್ದ ಗಡಿಯಾರದ ಬಳೆಯನ್ನು ಒಮ್ಮೆಯಾದರೂ ಬೆರಳಿಂದ ತಿರುಗಿಸಿ ನೋಡಲಿಲ್ಲ. ಕ್ಷಮಿಸು ಎಂದು ಬರೆಯಲು ಧೈರ್ಯವಿಲ್ಲ, ಬರೆಯದಿರಲು ಹಕ್ಕಿಲ್ಲ. ಕ್ಷಮಿಸು, ತಮ್ಮಾ. ಕ್ಷಮಿಸಲಾಗದಿದ್ದರೆ ಅದನ್ನೂ ಕಾರ್ಡಿನಲ್ಲಿ ಒಂದು ಸಾಲು ಬರೆ.

ಬೇಯಾಳಿಗೆ ಇನ್ನೂ ಹೇಳಿಲ್ಲ. ಅವಳು ಕಾಫಿ ಅಂಗಡಿಯ ಮಾತು ಕೇಳುವವಳಲ್ಲ, ನೆರೆಯವರು ಅವಳೆದುರು ನಿನ್ನ ಹೆಸರೆತ್ತುವ ಧೈರ್ಯದವರಲ್ಲ. ಇಂದು ಸಂಜೆ ಉಪವಾಸ ಬಿಟ್ಟ ಮೇಲೆ ಹೋಗಿ ಹೇಳುವೆನೆಂದು ಸಂಕಲ್ಪ ಮಾಡಿದ್ದೇನೆ. ಅವಳ ಗಂಡನನ್ನು ಕಸಿದದ್ದು ನನ್ನ ಕೈ ಎಂದು ತಿಳಿದಮೇಲೆ ರೊಟ್ಟಿ ಬರುತ್ತದೆಯೋ ಇಲ್ಲವೋ ಕಾಣೆ. ಜೊವಾನ್ನಾಳಿಗೆ ನನ್ನ ಗೌರವಗಳನ್ನು ತಿಳಿಸು. ನಿನ್ನ ಕಣ್ಣುಗಳಿಗೆ ಬೆಳಕು ಉಳಿಯಲಿ.

ನಿನ್ನ ಅಣ್ಣ,
ಸಾದಿಕ್

ಮರೆತ ಮಾತು: ಲಕೋಟೆ ಅಂಟಿಸುವ ಮೊದಲೇ ಬೇಯಾ ರೊಟ್ಟಿ ತೆಗೆದುಕೊಂಡು ಬಂದುಬಿಟ್ಟಳು. ಸಂಜೆಗೆ ಕಾಯಲಿಲ್ಲ, ಮೇಜಿನ ಮುಂದೆ ಕೂರಿಸಿ ಎಲ್ಲವನ್ನೂ ಓದಿ ಹೇಳಿದೆ. ಹಿಟ್ಟಿನ ಕೈಯಲ್ಲಿಯೇ ಗಡಿಯಾರ ಎತ್ತಿಕೊಂಡು ಬಳೆಯನ್ನು ಒಮ್ಮೆ ತಿರುಗಿಸಿದಳು. ಅದು ತಾನಾಗಿ ಸುತ್ತಿತು. ಆಮೇಲೆ ಅವಳು ಹೇಳಿದ್ದನ್ನು ಅವಳ ಬಾಯಲ್ಲಿ ಬಂದಂತೆಯೇ ಬರೆಯುತ್ತೇನೆ. “ಆಸ್ಪತ್ರೇಲಿ ಎರಡನೇ ದಿನ ಅವರೇ ನನಗೆ ಹೇಳಿದ್ರು ಅಣ್ಣ. ‘ಅರೂಸಿ ಎರಡು ಸಲ ಎಳೆದ, ನಾನೇ ತಾಳು ಅಂದೆ, ಅವನನ್ನ ಬೈಬೇಡ’ ಅಂತ. ನಾನು ಯಾರಿಗೂ ಹೇಳಲಿಲ್ಲ. ನೀನು ಗಡಿಯಾರ ಸರಿ ಅಂದುಬಿಟ್ಟೆಯಲ್ಲ. ನನ್ನ ತಮ್ಮನ್ನ ಉಳಿಸೋಕೆ ಅವರು ಸುಳ್ಳು ಹೇಳಿ ಹೋದ್ರು ಅಂದ್ಕೊಂಡೆ. ನಿನ್ನ ಮಾತಿನ ಮುಂದೆ ಸಾಯೋ ಗಂಡನ ಮಾತನ್ನೇ ನಂಬಲಿಲ್ಲ ನಾನು.” ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಅವನಿಗೆ ಬರಿ. ರಂಜಾನಿನ ಚಂದ್ರ ಕಾಣೋಕೆ ಮುಂಚೆ ಬರಬೇಕು. ದೋಣಿಕಟ್ಟೆಗೆ ನಾನೇ ಬರ್ತೀನಿ. ದಿಂಬು ಈ ಸಲ ನಾನು ಕೊಡ್ತೀನಿ, ನಮ್ಮನೇಲಿ ಮಲಗೋಕೆ” ಎಂದಳು. ಇನ್ನು ಹದಿನೈದು ದಿನವೂ ಇಲ್ಲ. ರೊಟ್ಟಿಯನ್ನು ಇಟ್ಟೇ ಹೋಗಿದ್ದಾಳೆ.

ನೀರಿನ ಕೆಳಗೂ ಸತ್ಯವನ್ನೇ ನುಡಿದ ಖಮೀಸನ ಸಮಾಧಿ ವಿಶಾಲವಾಗಲಿ. ತಡವಾಗಿ ನಂಬಿದ ಬೇಯಾಳ ಎದೆಗೆ ನೆಮ್ಮದಿ ಇಳಿಯಲಿ. ಹಗ್ಗ ಎಳೆದ ಕೈಗೂ, ದಿಂಬು ಇಟ್ಟ ಕೈಗೂ, ಗೀರನ್ನು ಅಳಿಸದ ಕೈಗೂ, ಸ್ಪ್ರಿಂಗನ್ನು ಹಿಸುಕಿದ ಈ ಕೈಗೂ ಒಡೆಯನು ತನ್ನ ಕರುಣೆಯನ್ನು ಸಮನಾಗಿ ಹಂಚಲಿ. ನಿನ್ನನ್ನು ಹೊತ್ತು ತರುವ ಹಡಗಿಗೆ ಸಮುದ್ರವು ಶಾಂತವಾಗಿರಲಿ. ಆಮೀನ್.